ರೈಲಿನ ಕಿಟಕಿಯಲ್ಲಿ ನಮ್ಮ ನೀರು

(ನಮ್ಮ ಬಳಗದ ವಾರ್ಷಿಕ ಶಿಬಿರದಲ್ಲಿ, ಉತ್ತರ ಭಾರತದ ಅಧ್ಯಯನ ಪ್ರವಾಸಕ್ಕೆ ಹೊರಟಿರುವ ವಿದ್ಯಾರ್ಥಿಗಳನ್ನೂ ಅವರ ಪಾಲಕರನ್ನೂ ಉದ್ದೇಶಿಸಿ ಮಾಡಿದ ಉಪನ್ಯಾಸದ ಬರಹ ರೂಪ)



ಕಳೆದ ವಾರ ಪ್ರವಾಸದ ಸಿದ್ಧತಾ ಸಭೆಯಲ್ಲಿ ಪಾಲಕರೊಬ್ಬರು ಒಂದು ಪ್ರಶ್ನೆ ಎತ್ತಿದರು. "ವಿಮಾನದಲ್ಲಿ ಹೋದರೆ ಬೆಂಗಳೂರಿನಿಂದ ದೆಹಲಿಗೆ ಮೂರು ಗಂಟೆಯೂ ಬೇಡ. ಮೊದಲೇ ಕಾದಿರಿಸಿದರೆ ದರವೂ ಕೈಗೆಟುಕುತ್ತದೆಯಂತೆ. ಮಕ್ಕಳನ್ನು ಎರಡು ರಾತ್ರಿ ಒಂದು ಹಗಲು ರೈಲಿನಲ್ಲಿ ಕೂರಿಸಿ ಏಕೆ ದಣಿಸುತ್ತೀರಿ?" ಎಂದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಅಂದು ಎರಡು ಮಾತಿನಲ್ಲಿ ಉತ್ತರಿಸಲು ನನ್ನಿಂದ ಆಗಲಿಲ್ಲ. ಆದ್ದರಿಂದ ಇಂದಿನ ಈ ಅವಧಿಯನ್ನು ಅದಕ್ಕೇ ಬಳಸಿಕೊಳ್ಳುತ್ತೇನೆ. ಜೊತೆಗೆ ಮಕ್ಕಳಿಗೆ ಪ್ರಯೋಜನವಾಗಬಹುದಾದ ಕೆಲವು ವ್ಯಾವಹಾರಿಕ ಸೂಚನೆಗಳನ್ನೂ ಹೇಳುತ್ತೇನೆ. ಬೆಂಗಳೂರಿನಿಂದ ನವದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಗಾಡಿಯಲ್ಲಿ ನಾನು ಹಲವು ಬಾರಿ ಓಡಾಡಿದ್ದೇನೆ. ನೀವು ಹೋಗುವುದೂ ಅದರಲ್ಲಿಯೇ. ಆದ್ದರಿಂದ ನನ್ನ ಮಾತು ಆ ಸುಮಾರು 2,400 ಕಿಲೋಮೀಟರ್ ದಾರಿಗೆ ಸೀಮಿತ.

ಮೊದಲು ಒಂದು ಹಳೆಯ ಅನುಭವವನ್ನು ಹೇಳಬೇಕು. ಉಳಿದ ಮಾತಿಗೆಲ್ಲ ಅದೇ ಆಧಾರ.

2003ರ ಜೂನ್ ತಿಂಗಳ ನಡುಭಾಗ. ದೆಹಲಿಯ ಪೂಸಾ ಆವರಣದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಕೆಲಸವಿದ್ದು ನಾನು ಮೊದಲ ಬಾರಿಗೆ ದೂರದ ರೈಲು ಹತ್ತಿದ್ದೆ. ಅಲ್ಲಿಯವರೆಗೆ ನನ್ನ ರೈಲು ಪ್ರಯಾಣವೆಲ್ಲ ಬೀರೂರಿನಿಂದ ಬೆಂಗಳೂರಿಗೆ ಮುಗಿಯುತ್ತಿತ್ತು. ನನ್ನ ಎದುರಿನ ಆಸನದಲ್ಲಿ ರಾಯಚೂರಿನ ಕಡೆಯ ಒಬ್ಬ ವಯಸ್ಸಾದ ರೈತರಿದ್ದರು. ಬೆಂಗಳೂರಿನಲ್ಲಿ ಮಗಳ ಮನೆಗೆ ಬಂದು ಮರಳುತ್ತಿದ್ದವರು. ಯಾವ ಊರು ಎಂದು ಕೇಳಿದರು. ಶೃಂಗೇರಿಯ ಕಡೆ ಎಂದೆ. ಅವರು ನೆಟ್ಟಗೆ ಕುಳಿತರು. "ನಿಮ್ಮ ಕಡಿ ಮಳಿ ಹೆಂಗೈತ್ರಿ ಈ ಸಲ?" ಎಂದು ಕೇಳಿದರು. ಈಗಷ್ಟೇ ಹಿಡಿದಿದೆ, ಇನ್ನೂ ಜೋರಾಗಿಲ್ಲ ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮೂರಾಗ ಮಳಿ ಆಗ್ಲಿ ಬಿಡ್ಲಿ, ರೇಡಿಯೋದಾಗ ಆಗುಂಬಿ, ಶೃಂಗೇರಿ ಸುದ್ದಿ ಕೇಳ್ತೀವಿ. ಅಲ್ಲಿ ಬಿದ್ರ ನಮ್ಗ ಬಿದ್ದಂಗ," ಎಂದರು.

ಅವರ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿತ್ತು. ಅದು ಬರದ ಕಾಲವೆಂಬುದು ಹಿರಿಯರಿಗೆ ನೆನಪಿರಬಹುದು. ಕಾಲುವೆಯ ಕೊನೆಗೆ ನೀರು ಬಾರದೆ ಅವರು ಎರಡು ವರ್ಷ ಭತ್ತದ ಮುಖ ಕಂಡಿರಲಿಲ್ಲ. ಇದನ್ನು ಅವರು ದೂರಾಗಿ ಹೇಳಲಿಲ್ಲ. ಸಂಬಂಧಿಕರೊಡನೆ ಮನೆಯ ಸುದ್ದಿ ಹೇಳುವಂತೆ ಹೇಳಿದರು. ಆಮೇಲೆ ಎಲ್ಲರೂ ಮಲಗಿದೆವು. ನಡುರಾತ್ರಿ ಕಳೆದ ಮೇಲೆ ಯಾರೋ ನನ್ನ ಭುಜ ಅಲುಗಿಸಿದರು. ನೋಡಿದರೆ ಅವರೇ. "ಏಳ್ರಿ, ನಿಮ್ಮೂರ ನೀರು ಬಂತು," ಎಂದರು. ಗಾಡಿ ಮಂತ್ರಾಲಯ ರೋಡ್ ನಿಲ್ದಾಣವನ್ನು ದಾಟಿ ತುಂಗಭದ್ರೆಯ ಸೇತುವೆಯ ಮೇಲೆ ಏರಿತ್ತು. ಹೊರಗೆ ಬೆಳದಿಂಗಳು. ಅಗಲವಾದ ಪಾತ್ರದ ತುಂಬ ಮರಳು, ಬಂಡೆ, ನಡುವೆ ಒಂದೆರಡು ಕಡೆ ಹೊಳೆಯುವ ಸಣ್ಣ ನೀರಿನ ಎಳೆ. ಅವರು ಕಿಟಕಿಯ ಸರಳಿನ ನಡುವಿನಿಂದ ಒಂದು ನಾಣ್ಯವನ್ನು ಕೆಳಗೆ ಬಿಟ್ಟು ಕೈ ಮುಗಿದರು. ರಾಯಚೂರಿನಲ್ಲಿ ಇಳಿದು ಹೋದರು.

ನನಗೆ ಮತ್ತೆ ನಿದ್ರೆ ಬರಲಿಲ್ಲ. ತುಂಗೆ ಮತ್ತು ಭದ್ರೆ ನಮ್ಮ ಗಂಗಾಮೂಲದಲ್ಲಿ ಹುಟ್ಟಿ ಶಿವಮೊಗ್ಗದ ಬಳಿಯ ಕೂಡ್ಲಿಯಲ್ಲಿ ಸೇರುತ್ತವೆಂದು ಶಾಲೆಯಲ್ಲಿ ಬರೆದು ಅಂಕ ಪಡೆದವನು ನಾನು. ಆದರೆ ಕೂಡ್ಲಿಯ ಆಚೆ ಅದು ಏನಾಗುತ್ತದೆ, ಯಾರ ಹೊಲಕ್ಕೆ ಹೋಗುತ್ತದೆ ಎಂಬುದನ್ನು ಇಪ್ಪತ್ತು ವರ್ಷ ದಾಟುವವರೆಗೂ ಯೋಚಿಸಿರಲಿಲ್ಲ. ಮಲೆನಾಡಿನವನಿಗೆ ಎದುರಿನ ಗುಡ್ಡವೇ ದಿಗಂತ. ನೀರು ಅದರ ಹಿಂದೆ ತಿರುಗಿತೆಂದರೆ ಅವನ ಲೆಕ್ಕದಿಂದ ಹೊರಗೆ ಹೋದಂತೆ. ವಿಮಾನದಲ್ಲಿ ಹೋಗಿದ್ದರೆ ಆ ನದಿಯನ್ನು ನಾನು ಹತ್ತು ಕಿಲೋಮೀಟರ್ ಎತ್ತರದಿಂದ ದಾಟಿರುತ್ತಿದ್ದೆ. ನನ್ನನ್ನು ಎಬ್ಬಿಸುವವರು ಯಾರೂ ಇರುತ್ತಿರಲಿಲ್ಲ. ಮಕ್ಕಳನ್ನು ರೈಲಿನಲ್ಲಿಯೇ ಕಳಿಸಬೇಕೆಂಬ ನನ್ನ ಹಟಕ್ಕೆ ಇದೇ ಮೊದಲ ಕಾರಣ.

ಇನ್ನು ಸೂಚನೆಗಳಿಗೆ ಬರುತ್ತೇನೆ.

ಟಿಕೆಟ್ಟು ಮತ್ತು ಆಸನ

ಮುಂಗಡ ಕಾದಿರಿಸುವಿಕೆ ಪ್ರಯಾಣದ ದಿನಕ್ಕೆ 60 ದಿನ ಮುಂಚೆ ಆರಂಭವಾಗುತ್ತದೆ. 2024ರ ನವೆಂಬರ್‌ಗೆ ಮೊದಲು ಇದು 120 ದಿನವಿತ್ತು. ಹಳೆಯ ಲೆಕ್ಕದಲ್ಲಿಯೇ ಇರುವವರು ಗಮನಿಸಬೇಕು. ಗುಂಪಿನಲ್ಲಿ ಹೋಗುವವರು ಮೊದಲ ದಿನವೇ ಕಾದಿರಿಸುವುದು ಕ್ಷೇಮ. ತತ್ಕಾಲ್ ಟಿಕೆಟ್ಟು ಗಾಡಿ ಹೊರಡುವ ಹಿಂದಿನ ದಿನ ಸಿಗುತ್ತದೆ. ಹವಾನಿಯಂತ್ರಿತ ದರ್ಜೆಗೆ ಬೆಳಿಗ್ಗೆ 10 ಗಂಟೆಗೆ, ಸ್ಲೀಪರ್ ದರ್ಜೆಗೆ 11 ಗಂಟೆಗೆ. 2025ರ ಜುಲೈಯಿಂದ ಆನ್‌ಲೈನ್ ತತ್ಕಾಲ್‌ಗೆ ಆಧಾರ್ ದೃಢೀಕರಣ ಕಡ್ಡಾಯವಾಗಿದೆ. ನಮ್ಮ ಊರುಗಳಲ್ಲಿ ಅಂತರ್ಜಾಲ ಆ ಹೊತ್ತಿಗೇ ಕೈಕೊಡುವುದುಂಟು. ಆದ್ದರಿಂದ ತತ್ಕಾಲ್ ಅನ್ನು ನಂಬಿ ಕೂರಬೇಡಿ. ವೇಟಿಂಗ್ ಲಿಸ್ಟಿನ ಟಿಕೆಟ್ ಹಿಡಿದು ಮೀಸಲು ಬೋಗಿಯನ್ನು ಹತ್ತುವಂತಿಲ್ಲ. ಆರ್‌ಎಸಿ ಎಂದು ಬಂದರೆ ಹತ್ತಬಹುದು, ಆದರೆ ಇಬ್ಬರಿಗೆ ಒಂದೇ ಆಸನ. ಟಿಕೆಟ್ಟಿನ ಜೊತೆ ಮೂಲ ಗುರುತಿನ ಚೀಟಿ ಇರಲಿ.

ಸ್ಲೀಪರ್ ಬೋಗಿಯಲ್ಲಿ ನಿಮ್ಮ ಆಸನ ಯಾವುದು ಎಂದು ತಿಳಿಯಲು ಒಂದು ಸುಲಭ ಲೆಕ್ಕವಿದೆ. ಆಸನದ ಸಂಖ್ಯೆಯನ್ನು 8ರಿಂದ ಭಾಗಿಸಿ. ಶೇಷ 1 ಅಥವಾ 4 ಬಂದರೆ ಕೆಳಗಿನದು, 2 ಅಥವಾ 5 ಬಂದರೆ ನಡುವಿನದು, 3 ಅಥವಾ 6 ಬಂದರೆ ಮೇಲಿನದು. 7 ಬಂದರೆ ಪಕ್ಕದ ಕೆಳಗಿನದು, ಶೇಷವಿಲ್ಲದಿದ್ದರೆ ಪಕ್ಕದ ಮೇಲಿನದು. ನಡುವಿನ ಹಲಗೆಯನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಬಿಚ್ಚಿ ಮಲಗುವ ಹಕ್ಕು. ಉಳಿದ ವೇಳೆ ಎಲ್ಲರೂ ಕೆಳಗೆ ಕುಳಿತುಕೊಳ್ಳಬೇಕು. ವೃದ್ಧರು, ಗರ್ಭಿಣಿಯರು ಕೇಳಿದರೆ ಕೆಳಗಿನ ಆಸನ ಬಿಟ್ಟುಕೊಡಿ. ನಮ್ಮ ಮನೆಯ ಜಗಲಿಯಲ್ಲಿ ನಾವು ನಡೆದುಕೊಳ್ಳುವಂತೆಯೇ ಅಲ್ಲಿಯೂ ನಡೆದುಕೊಂಡರೆ ಸಾಕು.

ನನ್ನ ಆಯ್ಕೆ ಪಕ್ಕದ ಕೆಳಗಿನ ಆಸನ. ಉದ್ದ ಸ್ವಲ್ಪ ಕಡಿಮೆ ಎಂಬುದು ನಿಜ. ಕಾಲು ಮಡಚಿಕೊಂಡೇ ಮಲಗಬೇಕು. ಆದರೆ ಕಿಟಕಿ ಹಗಲಿಡೀ ನಿಮ್ಮದೇ. ದೂರದ ಪ್ರಯಾಣಕ್ಕೆ ಸ್ಲೀಪರ್ ದರ್ಜೆಯನ್ನು ನಾನು ಹೇಳುವುದೂ ಇದೇ ಕಾರಣಕ್ಕೆ. ಹವಾನಿಯಂತ್ರಿತ ಬೋಗಿಯ ಗಾಜಿನ ಮೂಲಕ ನೆಲ ಕಾಣುತ್ತದೆ, ಆದರೆ ಮಣ್ಣಿನ ವಾಸನೆ, ಬಿಸಿಗಾಳಿ, ಊರೂರಿನ ಮಾತು ಒಳಗೆ ಬರುವುದಿಲ್ಲ.

ಊಟ, ನೀರು ಮತ್ತು ಕಸ

ನಮ್ಮ ಅಡುಗೆಮನೆಯಲ್ಲಿ ಪ್ರಯಾಣಕ್ಕೆ ಒದಗುವ ಪದಾರ್ಥಗಳಿಗೆ ಕೊರತೆಯಿಲ್ಲ. ಮೊದಲ ರಾತ್ರಿಗೆ ಮೊಸರನ್ನ ಆಗಬಹುದು. ಮರುದಿನಕ್ಕೆ ಇಡಬೇಡಿ, ಸೊಲ್ಲಾಪುರದ ಸೆಖೆಗೆ ಅದು ಹುಳಿಯುತ್ತದೆ. ಮರುದಿನ ಬೆಳಗಿಗೆ ಪುಳಿಯೋಗರೆ ಅಥವಾ ಒಣ ಪಲ್ಯದೊಡನೆ ಚಪಾತಿ. ಆಮೇಲೆ ಒಗ್ಗರಣೆ ಹಾಕಿದ ಖಾರದ ಅವಲಕ್ಕಿ, ಬಾಳೆಕಾಯಿ ಉಪ್ಪೇರಿ, ಚಟ್ನಿಪುಡಿ, ಬೆಲ್ಲ. ಪುನರ್ಪುಳಿಯ ಸಕ್ಕರೆಪಾಕವನ್ನು ಒಂದು ಸಣ್ಣ ಸೀಸೆಯಲ್ಲಿ ಒಯ್ದರೆ ಬಯಲುಸೀಮೆಯ ಮಧ್ಯಾಹ್ನಕ್ಕೆ ಅದಕ್ಕಿಂತ ಒಳ್ಳೆಯ ಪಾನೀಯವಿಲ್ಲ. ನಿಲ್ದಾಣಗಳ ತಿಂಡಿಯನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುವುದಿಲ್ಲ. ಕಣ್ಣೆದುರು ಕರಿದು ಬಿಸಿಯಾಗಿ ಕೊಡುವುದನ್ನು ತಿನ್ನಿ, ಹೆಚ್ಚಿಟ್ಟ ಹಣ್ಣನ್ನು ಬಿಡಿ.

ತಲಾ ಎರಡು ಲೀಟರ್ ಹಿಡಿಯುವ ಸ್ಟೀಲ್ ಬಾಟಲಿ ಒಯ್ಯಿರಿ. ದೊಡ್ಡ ನಿಲ್ದಾಣಗಳಲ್ಲಿ ಕುಡಿಯುವ ನೀರಿನ ನಲ್ಲಿಗಳಿವೆ. ನಲ್ಲಿಯ ನೀರು ಒಗ್ಗದವರು ಮುಚ್ಚಳ ಭದ್ರವಾಗಿರುವ ಬಾಟಲಿಯನ್ನೇ ಕೊಳ್ಳಲಿ. ಆದರೆ ಖಾಲಿ ಬಾಟಲಿ ಕಿಟಕಿಯಿಂದ ಹೊರಗೆ ಹೋಗಬಾರದು. ನಮ್ಮ ಗುಂಪಿನ ಪ್ರತಿಯೊಬ್ಬರೂ ಒಂದು ಬಟ್ಟೆಯ ಚೀಲವನ್ನು ಕಸಕ್ಕಾಗಿಯೇ ಇಟ್ಟುಕೊಳ್ಳಬೇಕು. ಅಡಿಕೆ ಹಾಳೆಯ ತಟ್ಟೆ ಒಯ್ಯುವುದು ಒಳ್ಳೆಯದೇ. ಆದರೆ ಅದು ಮಣ್ಣಿನಲ್ಲಿ ಕರಗುತ್ತದೆಂದು ಹೊರಗೆಸೆಯುವುದು ತಪ್ಪು. ಹಳಿಯ ಪಕ್ಕದ ಜಾಗವೂ ಯಾರೋ ಒಬ್ಬ ಕೆಲಸಗಾರ ನಡೆದು ಹೋಗಬೇಕಾದ ದಾರಿ.

ಶೌಚಾಲಯದ ಬಗ್ಗೆ ಸಂಕೋಚವಿಲ್ಲದೆ ಹೇಳಬೇಕು. ಹಿಂದೆ ಎಲ್ಲವೂ ನೇರವಾಗಿ ಹಳಿಯ ಮೇಲೆ ಬೀಳುತ್ತಿತ್ತು. ಈಗ ಬೋಗಿಗಳಲ್ಲಿ ಜೈವಿಕ ಶೌಚಾಲಯಗಳಿವೆ. ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ವಿಧಾನ ಇದು. ಬೋಗಿಯ ಕೆಳಗಿನ ತೊಟ್ಟಿಯಲ್ಲಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಮಲವನ್ನು ನೀರು ಮತ್ತು ಅನಿಲವಾಗಿ ಒಡೆಯುತ್ತವೆ. ನಮ್ಮ ಮನೆಯ ಗೋಬರ್ ಅನಿಲ ಘಟಕದ ತತ್ತ್ವವೇ. ಗೋಬರ್ ಗುಂಡಿಗೆ ಪ್ಲಾಸ್ಟಿಕ್ ಹಾಕಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಇಲ್ಲಿಯೂ ಹಾಗೆಯೇ. ಒಂದು ಬಾಟಲಿ, ಒಂದು ಗುಟ್ಕಾ ಚೀಟಿ, ಒಂದು ಬಟ್ಟೆ ಒಳಗೆ ಬಿದ್ದರೆ ಇಡೀ ಬೋಗಿಯವರಿಗೆ ಎರಡು ದಿನ ಸಂಕಟ.

ಸುರಕ್ಷತೆ

ಚಲಿಸುವ ಗಾಡಿಯನ್ನು ಹತ್ತಬೇಡಿ, ಇಳಿಯಬೇಡಿ, ಬಾಗಿಲಲ್ಲಿ ನಿಲ್ಲಬೇಡಿ. ನೀರು ತರಲು ಇಳಿದಾಗ ಗಾಡಿ ಹೊರಟರೆ ನಿಮ್ಮ ಬೋಗಿಗಾಗಿ ಓಡಬೇಡಿ. ಅದಕ್ಕಾಗಿಯೇ ಒಬ್ಬರು ಇಳಿದಾಗ ಇನ್ನೊಬ್ಬರು ನೋಡುತ್ತಿರಬೇಕು. ಕಾರಣವಿಲ್ಲದೆ ಸರಪಳಿ ಎಳೆಯುವುದು 1989ರ ರೈಲ್ವೆ ಕಾಯಿದೆಯ 141ನೆಯ ಕಲಮಿನ ಪ್ರಕಾರ ಅಪರಾಧ. ರಾತ್ರಿ ಚೀಲವನ್ನು ಆಸನದ ಕೆಳಗಿನ ಕೊಂಡಿಗೆ ಸರಪಳಿ ಹಾಕಿ ಕಟ್ಟಿ. ಹಣ ಮತ್ತು ಮೊಬೈಲು ಮೈಮೇಲಿರಲಿ. ಆರೋಗ್ಯ, ಕಳವು, ಕಿರುಕುಳ ಏನೇ ತೊಂದರೆಯಿದ್ದರೂ 139 ಸಂಖ್ಯೆಗೆ ಕರೆ ಮಾಡಬಹುದು. ಹುಡುಗಿಯರು ಇದನ್ನು ಬರೆದಿಟ್ಟುಕೊಳ್ಳಲಿ, ಕರೆ ಮಾಡಲು ಹಿಂಜರಿಯದಿರಲಿ.

ಅಪರಿಚಿತರು ಕೊಟ್ಟ ತಿಂಡಿಯನ್ನು ತಿನ್ನಬಾರದೆಂದು ಹಿರಿಯರು ಹೇಳುತ್ತಾರೆ. ವಿದ್ಯಾರ್ಥಿಗಳು ಅದನ್ನು ಪಾಲಿಸಬೇಕು. ಆದರೆ ತಿಂಡಿ ಬೇಡವೆಂದಾಗ ಮಾತನ್ನೂ ಬೇಡವೆನ್ನಬಾರದು. ನಾನು ಆ ರೈತರ ಮಾತಿಗೆ ಕಿವಿಗೊಡದೆ ಮಲಗಿದ್ದರೆ ಇಂದು ಇಲ್ಲಿ ಹೇಳಲು ಏನೂ ಇರುತ್ತಿರಲಿಲ್ಲ.

ಕಿಟಕಿಯಿಂದ ಏನನ್ನು ನೋಡಬೇಕು

ಇದಕ್ಕಾಗಿ ಒಂದು ಸಣ್ಣ ನೋಟ್‌ಬುಕ್ ಒಯ್ಯಿರಿ. ಪುಟದಲ್ಲಿ ನಾಲ್ಕು ಕಾಲಂ ಗೆರೆ ಎಳೆಯಿರಿ. ಊರು, ಮಣ್ಣಿನ ಬಣ್ಣ, ಬೆಳೆ, ನೀರು ಎಲ್ಲಿಂದ ಎಂದು ಬರೆಯಿರಿ. ಗಂಟೆಗೊಮ್ಮೆ ಒಂದು ಸಾಲು ತುಂಬಿದರೆ ಸಾಕು. ಮಣ್ಣುಶಾಸ್ತ್ರದ ಮೊದಲ ಪಾಠ ನಿಮಗರಿವಿಲ್ಲದೆ ಆಗಿರುತ್ತದೆ.

ಗಾಡಿ ಬೆಂಗಳೂರು ಬಿಡುವುದು ಸಂಜೆ. ಅನಂತಪುರದ ಶೇಂಗಾ ಹೊಲಗಳು ಕತ್ತಲಲ್ಲಿ ಕಳೆದುಹೋಗುತ್ತವೆ. ಅಲ್ಲಿಯವರೆಗೆ ನಿದ್ರೆ ಮಾಡಿ. ಆದರೆ ಮಂತ್ರಾಲಯ ರೋಡ್ ನಿಲ್ದಾಣಕ್ಕೆ ಮೊದಲು ಏಳಲು ಮೊಬೈಲಿನಲ್ಲಿ ಗಂಟೆ ಇಟ್ಟುಕೊಳ್ಳಿ. ತುಂಗಭದ್ರೆ ಅಲ್ಲಿ ಆಂಧ್ರ ಮತ್ತು ಕರ್ನಾಟಕಗಳ ಗಡಿ. ರಾಯಚೂರು ದಾಟಿದ ಮೇಲೆ ಕೃಷ್ಣೆಯ ಸೇತುವೆ ಬರುತ್ತದೆ. ಒಂದೇ ರಾತ್ರಿ, ಸ್ವಲ್ಪವೇ ಹೊತ್ತಿನ ಅಂತರದಲ್ಲಿ, ಸಹ್ಯಾದ್ರಿಯ ಎರಡು ಮಕ್ಕಳನ್ನು ಕಂಡಂತಾಯಿತು. ಒಬ್ಬಳು ನಮ್ಮ ಗಂಗಾಮೂಲದವಳು, ಇನ್ನೊಬ್ಬಳು ಮಹಾಬಲೇಶ್ವರದವಳು.

ಬೆಳಕು ಹರಿಯುವ ಹೊತ್ತಿಗೆ ಗಾಡಿ ಸಾಮಾನ್ಯವಾಗಿ ವಾಡಿ, ಕಲಬುರಗಿಯ ಆಸುಪಾಸಿನಲ್ಲಿರುತ್ತದೆ. ವಾಡಿ, ಶಹಾಬಾದಿನ ಕಡೆ ಸುಣ್ಣಕಲ್ಲಿನ ನೆಲ. ನಮ್ಮಲ್ಲಿ ಅನೇಕರ ಮನೆಯ ಅಂಗಳಕ್ಕೆ ಹಾಸಿರುವ ಶಹಾಬಾದ್ ಕಲ್ಲು ಅಲ್ಲಿಯದು. ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಗುಂಪುಗೂಡಿರುವುದಕ್ಕೂ ಅದೇ ಕಾರಣ. ಕಲಬುರಗಿಯಿಂದ ಮುಂದೆ ಕಪ್ಪು ಎರೆಭೂಮಿ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿ ಹರಡಿದ ಲಾವಾ ಗಟ್ಟಿಯಾಗಿ ಬಸಾಲ್ಟ್ ಕಲ್ಲಾಯಿತು, ಅದು ಸವೆದು ಈ ಮಣ್ಣಾಯಿತು. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣು ಬಿದ್ದ ಮಳೆಯನ್ನು ಬೇಗನೆ ಒಳಗೆ ಬಿಟ್ಟುಕೊಳ್ಳುತ್ತದೆ. ಎರೆಮಣ್ಣು ನೀರನ್ನು ಹಿಡಿದುಕೊಂಡು ಉಬ್ಬುತ್ತದೆ, ಒಣಗಿದಾಗ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಆ ಹಿಡಿದಿಟ್ಟ ತೇವದಲ್ಲಿಯೇ ಹಿಂಗಾರಿ ಜೋಳ ಬೆಳೆಯುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕಲಬುರಗಿಯ ತೊಗರಿಗೂ ಈ ಸೀಮೆಯ ಮಣ್ಣೇ ಆಸರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಇಲ್ಲಿ ಬೀಳುವುದು ಅದರ ಹತ್ತನೆಯ ಒಂದು ಪಾಲಿನ ಆಸುಪಾಸು. ಅಷ್ಟರಲ್ಲಿ ಬೇಳೆ ಬೆಳೆದು ನಮ್ಮ ಸಾರಿಗೆ ಕಳಿಸುವ ರೈತನ ಕೌಶಲವನ್ನು ನೋಡಿ.

ಸೊಲ್ಲಾಪುರ ದಾಟಿ ಭೀಗವಣದ ಸಮೀಪ ಉಜನಿ ಜಲಾಶಯದ ಹಿನ್ನೀರಿನ ಸೀಮೆ. ಅದು ಭೀಮಾ ನದಿಯದು. ದೌಂಡಿನ ಬಳಿ ಗಾಡಿ ಉತ್ತರಕ್ಕೆ ತಿರುಗಿ ಭೀಮೆಯನ್ನು ದಾಟುತ್ತದೆ. ಅವಳೂ ಸಹ್ಯಾದ್ರಿಯ ಭೀಮಾಶಂಕರದವಳು. ಮುಂದೆ ಅಹಮದ್‌ನಗರ, ಅಂದರೆ ಈಗಿನ ಅಹಿಲ್ಯಾನಗರ ಜಿಲ್ಲೆ. ಮಳೆನೆರಳಿನ ಆ ಒಣ ಸೀಮೆಯಲ್ಲಿ ಇದ್ದಕ್ಕಿದ್ದಂತೆ ಹಸಿರು ಕಬ್ಬಿನ ಗದ್ದೆಗಳು ಕಾಣುತ್ತವೆ. ನಾಲ್ಕನೆಯ ಕಾಲಂ ತುಂಬುವಾಗ ಯೋಚಿಸಿ, ಈ ಕಬ್ಬಿಗೆ ನೀರು ಎಲ್ಲಿಂದ ಬಂತು, ಅದರ ಪಕ್ಕದ ಹೊಲ ಏಕೆ ಒಣಗಿದೆ ಎಂದು. ಸಂಜೆಯ ಹೊತ್ತಿಗೆ ಜಳಗಾಂವ್. ಅಲ್ಲಿಯ ಬಾಳೆ ತೋಟಗಳನ್ನು ನಮ್ಮ ಅಡಿಕೆ ಬೆಳೆಗಾರರು ಅಗತ್ಯವಾಗಿ ನೋಡಬೇಕು. ಅಷ್ಟು ಬಿಸಿಲಿನಲ್ಲಿ ಹನಿ ನೀರಾವರಿಯಿಂದ ಬಾಳೆ ಬೆಳೆಯುವವರು ನೀರನ್ನು ಲೀಟರಿನಲ್ಲಿ ಅಳೆಯುತ್ತಾರೆ. ನಾವು ಇನ್ನೂ ಹಳ್ಳವನ್ನು ತೋಟಕ್ಕೆ ತಿರುಗಿಸಿ ಮನೆಗೆ ಹೋಗಿ ಮಲಗುತ್ತೇವೆ.

ಭುಸಾವಳ ಬಿಟ್ಟೊಡನೆ ತಾಪಿ, ಮಧ್ಯರಾತ್ರಿಯ ಸುಮಾರಿಗೆ ಇಟಾರ್ಸಿಯ ನಂತರ ನರ್ಮದೆ. ಇವೆರಡು ನಮ್ಮ ನದಿಗಳಂತೆ ಪೂರ್ವಕ್ಕಲ್ಲ, ಪಶ್ಚಿಮಕ್ಕೆ ಹರಿಯುತ್ತವೆ. ನಕಾಶೆಯಲ್ಲಿ ಬಾಯಿಪಾಠ ಮಾಡಿದ್ದನ್ನು ಸೇತುವೆಯ ಸದ್ದಿನೊಡನೆ ಕಂಡರೆ ಜೀವಮಾನವಿಡೀ ಮರೆಯುವುದಿಲ್ಲ.

ಎರಡನೆಯ ಬೆಳಗಿಗೆ ಒಂದು ಮುಖ್ಯ ಪಾಠವಿದೆ. ಗ್ವಾಲಿಯರ್ ಬಿಟ್ಟು ಮೊರೇನಾ ದಾಟಿದ ಮೇಲೆ, ಧೌಲ್ಪುರಕ್ಕೆ ಮೊದಲು, ಹಳಿಯ ಇಕ್ಕೆಲದಲ್ಲಿ ನೆಲ ಚೂರುಚೂರಾಗಿ ಸೀಳಿರುವುದು ಕಾಣುತ್ತದೆ. ಚಂಬಲ್ ಕಣಿವೆಯ ಕೊರಕಲುಗಳು ಅವು. ಸಿನಿಮಾಗಳಲ್ಲಿ ಡಕಾಯಿತರ ನೆಲೆಯೆಂದು ತೋರಿಸುತ್ತಾರೆ. ಮಣ್ಣುಶಾಸ್ತ್ರದ ವಿದ್ಯಾರ್ಥಿಗೆ ಅದು ಸವಕಳಿಯ ಅತ್ಯಂತ ದೊಡ್ಡ ಪಾಠ. ಆಳವಾದ ಮೆಕ್ಕಲು ಮಣ್ಣು, ಮೇಲೆ ಹಿಡಿದಿಡುವ ಹಸಿರು ಹೊದಿಕೆಯಿಲ್ಲ. ಮಳೆಯ ನೀರು ಮೊದಲು ಬೆರಳಗಲ ಗೀರು ಮಾಡುತ್ತದೆ. ಮುಂದಿನ ವರ್ಷ ಅದೇ ಗೀರಿನಲ್ಲಿ ಇನ್ನಷ್ಟು ನೀರು ಹರಿಯುತ್ತದೆ. ಗೀರು ಕಾಲುವೆಯಾಗುತ್ತದೆ, ಕಾಲುವೆ ಕೊರಕಲಾಗಿ ಹಿಂದಕ್ಕೆ ಹಿಂದಕ್ಕೆ ತಿನ್ನುತ್ತ ಹೊಲವನ್ನೂ ಕೊನೆಗೆ ಊರನ್ನೂ ಮುಟ್ಟುತ್ತದೆ. ಆ ಪಾಳುನೆಲದ ನಡುವೆ ಚಂಬಲ್ ನದಿ ಮಾತ್ರ ತಿಳಿಯಾಗಿ ಹರಿಯುತ್ತದೆ. ಅಲ್ಲಿಯ ಅಭಯಾರಣ್ಯದಲ್ಲಿ ಘರಿಯಾಲ್ ಮೊಸಳೆಗಳು ಉಳಿದುಕೊಂಡಿವೆ.

ನಾನು ಆ ಕೊರಕಲುಗಳನ್ನು ಮೊದಲು ಕಂಡದ್ದು ಅದೇ 2003ರ ಪ್ರಯಾಣದಲ್ಲಿ, ತುಂಗಭದ್ರೆಯನ್ನು ಕಂಡ ಮರುರಾತ್ರಿ ಕಳೆದು ಬೆಳಗಾದಾಗ. ಆಗ ಮನಸ್ಸಿಗೆ ಬಂದದ್ದು ನಮ್ಮ ಮನೆಯ ಹಿಂದಿನ ಗುಡ್ಡ. ಇದನ್ನು ಹೇಳಲು ನನಗೆ ಈಗಲೂ ನಾಚಿಕೆಯಾಗುತ್ತದೆ. ಆ ವರ್ಷದ ಬೇಸಿಗೆಯಲ್ಲಿ ನಮ್ಮ ಮನೆಯವರು ಆ ಗುಡ್ಡವನ್ನು ಶುಂಠಿ ಬೆಳೆಯಲು ಗುತ್ತಿಗೆಗೆ ಕೊಟ್ಟಿದ್ದರು. ಪೊದೆ, ಕುರುಚಲು ಎಲ್ಲ ತೆಗೆದು, ನೀರು ನಿಲ್ಲದಿರಲೆಂದು ಇಳಿಜಾರಿನ ಗುಂಟ ಮೇಲಿಂದ ಕೆಳಗೆ ನೇರವಾಗಿ ಬಸಿಗಾಲುವೆ ತೋಡಿದ್ದರು. ನಾನು ಆಗಲೇ ಕೃಷಿ ಪದವೀಧರ. ಇಳಿಜಾರಿಗೆ ಅಡ್ಡವಾಗಿ ಸಮಪಾತಳಿಯಲ್ಲಿ ಮಡಿ ಮಾಡಬೇಕೆಂದು ಪರೀಕ್ಷೆಯಲ್ಲಿ ಬರೆದವನು. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಗುತ್ತಿಗೆಯ ಹಣದಿಂದಲೇ ನನ್ನ ದೆಹಲಿಯ ಖರ್ಚು ನಡೆಯಬೇಕಿತ್ತು. ನಾನು ಕುಳಿತಿದ್ದ ಆ ರೈಲಿನ ಟಿಕೆಟ್ಟೂ ಅದೇ ಹಣದ್ದು.

ದೀಪಾವಳಿಗೆ ಊರಿಗೆ ಬಂದಾಗ ಗುಡ್ಡದ ಮೈಮೇಲೆ ಮೊಣಕಾಲಾಳದ ಸೀಳುಗಳಿದ್ದವು. ಕೆಳಗಿನ ಹಳ್ಳದಲ್ಲಿ ಕೆಂಪು ಹೂಳು. ಆ ಹಳ್ಳ ತುಂಗೆಗೆ ಸೇರುತ್ತದೆ. ತುಂಗೆ ಎಲ್ಲಿಗೆ ಹೋಗುತ್ತಾಳೆಂಬುದನ್ನು ಅಷ್ಟರಲ್ಲಿ ನಾನು ಕಂಡಿದ್ದೆ. ಗುಡ್ಡವನ್ನು ಮತ್ತೆ ಹಿಡಿದು ನಿಲ್ಲಿಸಲು ಮೂರು ಮಳೆಗಾಲ ಬೇಕಾಯಿತು. ಸೀಳುಗಳಿಗೆ ಅಡ್ಡ ಕಲ್ಲಿನ ತಡೆ, ಅಡ್ಡಸಾಲಿನಲ್ಲಿ ಲಾವಂಚ, ನಡುವೆ ಇಂಗುಗುಂಡಿ, ಮೇಲ್ಭಾಗದಲ್ಲಿ ಕಾಡುಗಿಡ ತಾನಾಗಿ ಬರಲು ಬೇಲಿ, ಇಷ್ಟೇ ಮಾಡಿದ್ದು. ಹೊಸ ವಿಜ್ಞಾನವೇನೂ ಬೇಕಾಗಲಿಲ್ಲ.

ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. 2016ರ ಸಮೀಕ್ಷೆಯ ಪ್ರಕಾರ ಅದು ಸುಮಾರು 105 ಟಿಎಂಸಿಗೆ ಇಳಿದಿದೆ. ಉಳಿದ ಜಾಗದಲ್ಲಿ ಹೂಳಿದೆ. ಅದೆಲ್ಲವೂ ನಮ್ಮ ಗುಡ್ಡಗಳ ಮಣ್ಣೆಂದು ಹೇಳಿದರೆ ಅನ್ಯಾಯವಾದೀತು. ಜಲಾನಯನ ಪ್ರದೇಶ ವಿಶಾಲವಾದದ್ದು, ಬಯಲಿನ ಹೊಲಗಳಿಂದಲೂ ಮಣ್ಣು ಬರುತ್ತದೆ. ಆದರೆ ನಮ್ಮ ಪಾಲು ಇಲ್ಲವೆಂದು ಹೇಳುವ ಧೈರ್ಯ ನನಗಂತೂ ಇಲ್ಲ. ಆ ಹೂಳಿನಿಂದ ಮೊದಲು ನೀರು ತಪ್ಪುವುದು ಕಾಲುವೆಯ ಕೊನೆಯವನಿಗೆ, ಅಂದರೆ ನನ್ನನ್ನು ನಡುರಾತ್ರಿ ಎಬ್ಬಿಸಿದ ಆ ರೈತರಂಥವರಿಗೆ.

ಜೊತೆಯ ಪ್ರಯಾಣಿಕರು

ಗಾಡಿ ದೊಡ್ಡ ನಿಲ್ದಾಣಗಳಲ್ಲಿ ನಿಂತಾಗ ಕಾಯ್ದಿರಿಸದ ಸಾಮಾನ್ಯ ಬೋಗಿಗಳ ಕಡೆಗೂ ಒಮ್ಮೆ ನೋಡಿ. ಕಾಲಿಡಲು ಜಾಗವಿಲ್ಲದಂತೆ ತುಂಬಿರುತ್ತವೆ. ಇಂದು ನಮ್ಮ ಕಾಫಿ ತೋಟಗಳಲ್ಲಿ ಹಣ್ಣು ಕೊಯ್ಯುವವರು, ಅಡಿಕೆ ಸುಲಿಯುವವರು ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳಗಳಿಂದ ಬರುವುದು ಇಂಥ ಬೋಗಿಗಳಲ್ಲಿಯೇ, ಎರಡು ಮೂರು ದಿನ ನಿಂತೋ ಕುಳಿತೋ. ತೋಟಕ್ಕೆ ಬಂದ ಮರುದಿನವೇ ಅವರನ್ನು ಕೆಲಸಕ್ಕೆ ಕರೆಯುವ ನಮಗೆ, ಮಲಗಲು ಹಲಗೆಯಿರುವ ಬೋಗಿಯಲ್ಲಿ ಎರಡು ರಾತ್ರಿ ಕಳೆದ ಮೇಲೆ ಅವರ ದಣಿವು ಸ್ವಲ್ಪ ತಿಳಿದೀತು. ಮರಳಿ ಬಂದ ಮೇಲೆ ಅವರೊಡನೆ ಮಾತನಾಡಲು ನಿಮ್ಮ ಬಳಿ ಒಂದು ವಿಷಯವೂ ಇರುತ್ತದೆ.

ಒಂದು ಆಕ್ಷೇಪ

"ನೀವು ಕಾಡಿನಲ್ಲಿ ರೈಲುಮಾರ್ಗ ಬೇಡವೆನ್ನುವವರು. ಈಗ ರೈಲನ್ನು ಹೊಗಳುತ್ತೀರಲ್ಲ?" ಎಂದು ಯಾರಾದರೂ ಕೇಳಬಹುದು. ರೈಲು ಕಡಿಮೆ ಇಂಧನದಲ್ಲಿ ಹೆಚ್ಚು ಜನರನ್ನು ಒಯ್ಯುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಘರ್ಷಣೆ ಬಹಳ ಕಡಿಮೆ. ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದ ಬರುತ್ತಿದ್ದರೂ, ತಲಾ ಲೆಕ್ಕದಲ್ಲಿ ವಿಮಾನಕ್ಕಿಂತ ರೈಲಿನ ಹೊಗೆ ತೀರ ಕಡಿಮೆ. ಆದರೆ ಹಳಿ ಎಲ್ಲಿ ಹಾಯಬೇಕೆಂಬುದು ಬೇರೆಯೇ ಪ್ರಶ್ನೆ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ನಡುವಿನ ಸುಮಾರು 55 ಕಿಲೋಮೀಟರ್ ಘಾಟಿಯಲ್ಲಿ 57 ಸುರಂಗಗಳಿವೆ. ಅದರ ಸೊಬಗಿಗೆ ಮನಸೋಲದವರಿಲ್ಲ. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಗುಡ್ಡ ಕುಸಿದು ಸಂಚಾರ ದಿನಗಟ್ಟಲೆ ನಿಂತದ್ದನ್ನೂ ನಾವು ಮರೆತಿಲ್ಲ. ಇರುವ ಹಳಿಯನ್ನು ಚೆನ್ನಾಗಿ ಬಳಸೋಣ, ಇರುವ ಗಾಡಿಗೆ ಹೆಚ್ಚು ಸಾಮಾನ್ಯ ಬೋಗಿ ಕೇಳೋಣ. ಹೊಸದಾಗಿ ಗುಡ್ಡ ಕಡಿಯುವ ಮುನ್ನ ಗುಡ್ಡದ ಮಾತನ್ನೂ ಕೇಳಿ ಎನ್ನೋಣ. ಇವುಗಳಲ್ಲಿ ನನಗೆ ವಿರೋಧ ಕಾಣುವುದಿಲ್ಲ.

ಕೊನೆಯ ಮಾತು

ನೀವು ದೆಹಲಿಯಿಂದ ಮುಂದೆ ಉತ್ತರಾಖಂಡಕ್ಕೆ, 1973ರಲ್ಲಿ ಚಿಪ್ಕೊ ಚಳವಳಿ ಹುಟ್ಟಿದ ಚಮೋಲಿಯ ಬೆಟ್ಟದ ಹಳ್ಳಿಗಳಿಗೆ ಹೋಗುವವರಿದ್ದೀರಿ. ಅಲ್ಲಿಯ ಹೆಂಗಸರು ತಮ್ಮ ಮರಗಳನ್ನು ಏಕೆ ಅಪ್ಪಿಕೊಂಡರೆಂದು ಅವರ ಬಾಯಿಂದಲೇ ಕೇಳಲಿದ್ದೀರಿ. ಬೆಟ್ಟದ ಕಾಡು ಕಡಿದರೆ ಕೆಳಗಿನ ಊರಿಗೆ ನೆರೆ ಬರುತ್ತದೆ ಎಂಬ ಮಾತು ಅಲ್ಲಿ ಕೇಳಿಬರುತ್ತದೆ. ಎರಡು ರಾತ್ರಿ ಒಂದು ಹಗಲು ನೆಲವನ್ನು ಮುಟ್ಟಿಕೊಂಡೇ ಹೋದವರಿಗೆ ಆ ಮಾತು ಬೇಗ ಅರ್ಥವಾಗುತ್ತದೆಂದು ನನ್ನ ನಂಬಿಕೆ. ಪ್ರಶ್ನೆ ಕೇಳಿದ ಪಾಲಕರಿಗೆ ನನ್ನ ಉತ್ತರ ಇದು.

ವಿದ್ಯಾರ್ಥಿಗಳಿಗೆ ಒಂದೇ ಕೋರಿಕೆ. ಮಂತ್ರಾಲಯ ರೋಡ್ ಬಂದಾಗ ನಿಮ್ಮ ಜೊತೆಯವರನ್ನು ಎಬ್ಬಿಸಿ. ಸೇತುವೆಯ ಮೇಲೆ ನೀರು ಎಷ್ಟಿತ್ತು, ಯಾವ ಬಣ್ಣವಿತ್ತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಪಕ್ಕದಲ್ಲಿ ರಾಯಚೂರಿನವರು ಯಾರಾದರೂ ಇದ್ದರೆ ನಾವು ಮೇಲಿನವರೆಂದು ಹೇಳಿ, ನಿಮಗೆ ನೀರು ಬಂತೇ ಎಂದು ಕೇಳಿ. ಅವರು ಹೇಳಿದ್ದನ್ನೂ ಬರೆದುಕೊಳ್ಳಿ. ಬಂದ ಮೇಲೆ ಇದೇ ಸಭೆಯಲ್ಲಿ ಅದನ್ನು ಓದಬೇಕು. ಶುಂಠಿಗೆ ಗುಡ್ಡ ಕೊಟ್ಟವರು, ಕೊಡಲಿರುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ನಮ್ಮ ಮನೆಯಿಂದಲೇ ಬಲ್ಲೆ, ಅವರಿಗೆ ನನ್ನಂಥ ವಿಜ್ಞಾನಿಯ ಅಂಕಿಅಂಶಕ್ಕಿಂತ ನೀವು ಕಂಡು ಬಂದ ಮಾತು ಹೆಚ್ಚು ಹಿಡಿಸುತ್ತದೆ.

ಪ್ರಯಾಣ ಸುಖಕರವಾಗಲಿ.